ಎಕೋಸೌಂಡರ್ ಹೊಯಿಗೆ ಅನ್ನುತ್ತದೆ, ಮಾವ ಕೆಸರು ಅನ್ನುತ್ತಾರೆ. ಯಾರನ್ನು ನಂಬಲಿ?

ಹೊನ್ನಾವರದ_ಹುಡುಗಿ · ಮೇ 9, ಬೆಳಿಗ್ಗೆ 8:12

ಎಲ್ಲರಿಗೂ ನಮಸ್ಕಾರ. ನಾನು ಪಿಎಚ್‌ಡಿ ಎರಡನೇ ವರ್ಷದಲ್ಲಿದ್ದೇನೆ. ಕೆಲಸ ಇಷ್ಟೇ: ನಮ್ಮೂರಿನ ಆಚೆ, 18ರಿಂದ 30 ಮೀಟರ್ ಆಳದಲ್ಲಿ, ಕಡಲ ತಳದಲ್ಲಿ ಎಲ್ಲಿ ಹೊಯಿಗೆ (ಮರಳು), ಎಲ್ಲಿ ಕೆಸರು ಅಂತ ಶಬ್ದದಿಂದ ಕಂಡುಹಿಡಿದು ನಕ್ಷೆ ಮಾಡುವುದು. ಬಾಡಿಗೆ ಬೋಟಿನ ಪಕ್ಕಕ್ಕೆ ಕಂಬ ಕಟ್ಟಿ, ಅದರ ತುದಿಗೆ ಎಕೋಸೌಂಡರ್ (ನೀರಿಗೆ ಶಬ್ದ ಬಿಟ್ಟು, ತಳದಿಂದ ವಾಪಸ್ ಬರುವ ಎಕೋ ಹಿಡಿಯುವ ಯಂತ್ರ) ಸಿಕ್ಕಿಸಿ ನಾಲ್ಕು ದಿನ ಓಡಾಡಿದೆವು. ಮುಂದಿನ ವರ್ಷ ಇದನ್ನೇ ಎಯುವಿಯಿಂದ ಮಾಡಿಸಬೇಕು ಅಂತ ಗೈಡ್ ಆಸೆ. ಎಯುವಿ ಅಂದರೆ ಒಳಗೆ ಯಾರೂ ಇಲ್ಲದೆ, ಹಗ್ಗ ಕೇಬಲ್ ಯಾವುದೂ ಇಲ್ಲದೆ, ತನ್ನಷ್ಟಕ್ಕೆ ನೀರೊಳಗೆ ಓಡುವ ವಾಹನ.

ನಕ್ಷೆ ತಯಾರಾಯಿತು. 22 ಮೀಟರ್ ಆಳದಲ್ಲಿ ದಡಕ್ಕೆ ಸಮಾನಾಂತರವಾಗಿ ಒಂದು ಗಟ್ಟಿ ಪಟ್ಟಿ ಕಾಣಿಸಿತು. ಹೊಯಿಗೆ ಅಂತ ಹಳದಿ ಬಣ್ಣ ಹಚ್ಚಿದೆ. ಮನೆಗೆ ಬಂದು ದೊಡ್ಡಮಾವನಿಗೆ ತೋರಿಸಿದೆ. ಮೂವತ್ತು ವರ್ಷ ಟ್ರಾಲ್ ಬೋಟ್ ಓಡಿಸಿದವರು. ಮೊಬೈಲನ್ನು ಮೂಗಿನ ಹತ್ತಿರ ಹಿಡಿದು ನೋಡಿ ನಕ್ಕುಬಿಟ್ಟರು. "ಅಲ್ಲಿ ಹೊಯಿಗೆ ಎಲ್ಲಿಂದ ಬಂತು ತಂಗಿ? ಅದು ಕೆಸರು. ಅಲ್ಲಿ ಒಂದು ಸಲ ಎಳೆದರೆ ಬಲೆ ತೊಳೆಯುವುದಕ್ಕೇ ಅರ್ಧ ದಿನ."

ಈಗ ಮೆಷಿನ್ ತಪ್ಪಾ, ನಾನು ತಪ್ಪಾ, ಮಾವ ತಪ್ಪಾ?

ಮಲ್ಪೆ_ಬೋಟ್ · ಮೇ 9, 8:20

ಮಾವನನ್ನು ನಂಬಿ. ಮುಗಿಯಿತು.

ಸಿಗ್ನಲ್_ಗುರು · ಮೇ 9, 8:41

ಮುಗಿಯಲಿಲ್ಲ. ಮೊದಲು ಇದಕ್ಕೆ ಉತ್ತರ ಕೊಡಿ. ಯಾವ ಫ್ರೀಕ್ವೆನ್ಸಿ? ಗೇನ್ (ಎಕೋವನ್ನು ಎಷ್ಟು ದೊಡ್ಡದು ಮಾಡಬೇಕು ಅನ್ನುವ ಸೆಟ್ಟಿಂಗ್) ಆಟೋದಲ್ಲಿ ಇತ್ತಾ? ನಾಲ್ಕೂ ದಿನ ಪಲ್ಸ್ ಉದ್ದ, ಪವರ್ ಒಂದೇ ಇತ್ತಾ ಅಥವಾ ಬೋಟಿನಲ್ಲಿ ಯಾರಾದರೂ "ಚಿತ್ರ ಚೆನ್ನಾಗಿ ಬರಲಿ" ಅಂತ ಗುಂಡಿ ಒತ್ತಿದರಾ? ಗೇನ್ ಆಟೋದಲ್ಲಿದ್ದರೆ ಆ ಡೇಟಾದಿಂದ ಆಳ ಮಾತ್ರ ಸಿಗುತ್ತದೆ, ತಳದ ಗುಣ ಸಿಗುವುದಿಲ್ಲ. ಮೆತ್ತನೆ ನೆಲದಿಂದ ಬಂದ ಸಣ್ಣ ಎಕೋವನ್ನೂ ಅದೇ ದೊಡ್ಡದು ಮಾಡಿ ತೋರಿಸುತ್ತದೆ.

ಕೊಡಗಿನ_ಕಾಫಿ · ಮೇ 9, 9:05

ಸಮುದ್ರ ನೋಡದವನ ಪ್ರಶ್ನೆ, ಬೈಯಬೇಡಿ. ನೀರಿಗೆ ಶಬ್ದ ಬಿಟ್ಟರೆ ಆಳ ಗೊತ್ತಾಗುವುದು ಸರಿ. ಕೆಳಗೆ ಮರಳೋ ಕೆಸರೋ ಅಂತ ಹೇಗೆ ಗೊತ್ತಾಗುತ್ತದೆ?

ಗೋವಾ_ಕನ್ನಡಿಗ · ಮೇ 9, 9:48

ಹಲಸಿನ ಹಣ್ಣು ತಟ್ಟಿ ನೋಡುವುದಿಲ್ಲವೇ? ಕಾಯಿ ಆದರೆ ಒಂದು ಸದ್ದು, ಹಣ್ಣಾದರೆ ಬೇರೆ ಸದ್ದು. ಹಾಗೆಯೇ.

ಸ್ವಲ್ಪ ಲೆಕ್ಕ ಹೇಳುತ್ತೇನೆ. ನಮ್ಮ ಕಡಲ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,530 ಮೀಟರ್ ಓಡುತ್ತದೆ. ಮೆತ್ತನೆ ಕೆಸರಿನಲ್ಲೂ ಹೆಚ್ಚುಕಡಿಮೆ ಅಷ್ಟೇ, ಕೆಲವು ಸಲ ನೀರಿಗಿಂತ ಒಂಚೂರು ನಿಧಾನ. ಹೊಯಿಗೆಯಲ್ಲಿ 1,700ರ ಆಸುಪಾಸು. ತೂಕ ನೋಡಿದರೆ ಒಂದು ಲೀಟರ್ ಒದ್ದೆ ಕೆಸರು ಒಂದೂವರೆ ಕೆಜಿಗೆ ಸ್ವಲ್ಪ ಕಡಿಮೆ, ಒದ್ದೆ ಹೊಯಿಗೆ ಎರಡು ಕೆಜಿ ಹತ್ತಿರ. ಈ ತೂಕವನ್ನೂ ವೇಗವನ್ನೂ ಗುಣಿಸಿದರೆ ಬರುವ ಸಂಖ್ಯೆ ನೀರಿನದ್ದಕ್ಕಿಂತ ಎಷ್ಟು ಬೇರೆಯೋ, ಎಕೋ ಅಷ್ಟು ಜೋರು. ಈ ಅಂಕಿ ಹಾಕಿ ನೋಡಿ: ನೇರ ಕೆಳಗೆ ಬಿಟ್ಟ ಶಕ್ತಿಯಲ್ಲಿ ಕೆಸರಿನಿಂದ ವಾಪಸ್ ಬರುವುದು 100ಕ್ಕೆ 3 ಪಾಲು. ಹೊಯಿಗೆಯಿಂದ 13. ಬಂಡೆಯಾದರೆ ಅರ್ಧದ ಹತ್ತಿರ.

ಇದು ತಳ ಕನ್ನಡಿಯಂತೆ ನುಣುಪಾಗಿದ್ದರೆ ಮಾತ್ರ. ನಿಜವಾದ ತಳ ಹಾಗಿರುವುದಿಲ್ಲ. ಏರುತಗ್ಗು ಇರುತ್ತದೆ, ಹುಳ ಕೊರೆದ ತೂತು ಇರುತ್ತದೆ. ಶಬ್ದ ಎಲ್ಲ ಕಡೆ ಚದುರುತ್ತದೆ. ಹಲಸು ತಟ್ಟುವವನಿಗೂ ಒಳಗೆ ಎಷ್ಟು ತೊಳೆ ಇದೆ ಅಂತ ಗೊತ್ತಾಗುವುದಿಲ್ಲ ನೋಡಿ. ಮೆಷಿನ್ ಹೇಳುವುದು ಗಟ್ಟಿ, ಮೆತ್ತಗೆ, ಒರಟು, ನುಣುಪು ಇಷ್ಟೇ. ಹೊಯಿಗೆ, ಕೆಸರು ಅನ್ನುವ ಹೆಸರು ನಾವು ಇಡುವುದು.

ಮಲ್ಪೆ_ಬೋಟ್ · ಮೇ 9, 10:15

ಇದು ನಮಗೂ ಗೊತ್ತು ಸ್ವಾಮಿ. ನಮ್ಮ ಬೋಟಿನ ಫಿಶ್ ಫೈಂಡರ್‌ನಲ್ಲಿ ಗಟ್ಟಿ ನೆಲ ಬಂದರೆ ಕೆಂಪು ಪಟ್ಟಿ ದಪ್ಪ, ಕೆಳಗೆ ಬಾಲ ಉದ್ದ. ಇನ್ನೂ ಕೆಳಗೆ, ಎರಡು ಪಾಲು ಆಳದಲ್ಲಿ, ಇನ್ನೊಂದು ನೆಲ ಕಾಣುತ್ತದೆ. ಅದು ಕಂಡರೆ ಪಾದೆ (ಬಂಡೆ) ಇದೆ, ಬಲೆ ಎತ್ತು ಅಂತ ಅರ್ಥ. ಕೆಸರಿಗೆ ತೆಳು ಗೆರೆ, ಬಾಲ ಇಲ್ಲ. ಇದಕ್ಕೆ ಪಿಎಚ್‌ಡಿ ಬೇಕಾ?

ಗೋವಾ_ಕನ್ನಡಿಗ · ಮೇ 9, 10:22

ತಮಾಷೆ ಏನು ಗೊತ್ತಾ, ನೀವು ಹೇಳಿದ್ದನ್ನೇ ಪೆಟ್ಟಿಗೆಗೆ ಹಾಕಿ ಮಾರಿದ್ದಾರೆ. ರಾಕ್ಸ್‌ಆನ್ ಅಂತ ಒಂದು ಉಪಕರಣ. ಮೊದಲ ಎಕೋದ ಬಾಲದಿಂದ ಒರಟುತನ, ಎರಡನೇ ಎಕೋದಿಂದ ಗಟ್ಟಿತನ. ಎರಡು ಸಂಖ್ಯೆ, ಅಷ್ಟೇ. ಎಷ್ಟೋ ಸರ್ವೆಗಳು ಇದರಲ್ಲೇ ನಡೆದಿವೆ.

ಸಿಗ್ನಲ್_ಗುರು · ಮೇ 9, 10:40

ಕೆಸರಿಗೆ ಬಾಲವೇ ಇಲ್ಲ ಅನ್ನುವುದು ಎಲ್ಲ ಕಡೆ ನಡೆಯುವುದಿಲ್ಲ ಅಣ್ಣ. 200 ಕಿಲೋಹರ್ಟ್ಸ್‌ನಲ್ಲಿ ಸರಿ. 50ಕ್ಕೋ 33ಕ್ಕೋ ಇಳಿದರೆ ಶಬ್ದ ಕೆಸರಿನ ಒಳಗೇ ಹೋಗಿ ಒಳಗಿನ ಪದರಗಳಿಂದ ತಡವಾಗಿ ವಾಪಸ್ ಬರುತ್ತದೆ. ಆಗ ಕೆಸರಿಗೂ ಬಾಲ ಬೆಳೆಯುತ್ತದೆ. 3.5 ಕಿಲೋಹರ್ಟ್ಸ್‌ನ ಸಬ್‌ಬಾಟಮ್ ಪ್ರೊಫೈಲರ್ ಕೆಸರಿನಲ್ಲಿ ಹತ್ತಾರು ಮೀಟರ್ ಒಳಗೆ ನೋಡುತ್ತದೆ.

ಮಲ್ಪೆ_ಬೋಟ್ · ಮೇ 9, 10:44

ನಾವು 200ರಲ್ಲೇ ನೋಡುವುದು. ನಮಗೆ ಮೀನು ಬೇಕು, ಪದರ ಅಲ್ಲ.

ಸರ್ವೆ_ಮಾಮ · ಮೇ 9, ಮಧ್ಯಾಹ್ನ 1:30

ಬಂದರು ಹೂಳೆತ್ತುವ ಕೆಲಸಕ್ಕೆ ಸರ್ವೆ ಮಾಡಿಕೊಂಡೇ ರಿಟೈರ್ ಆದವನು ನಾನು. ಒಂದು ಹಳೇ ವಿದ್ಯೆ ಹೇಳುತ್ತೇನೆ. ಎಕೋಸೌಂಡರ್ ಬರುವ ಮೊದಲು ಹಡಗಿನವರು ಹಗ್ಗಕ್ಕೆ ಸೀಸದ ಗುಂಡು ಕಟ್ಟಿ ಆಳ ಅಳೆಯುತ್ತಿದ್ದರು, ನಮ್ಮವರು ಮಾರು ಲೆಕ್ಕದಲ್ಲಿ ಅಳೆಯುವ ಹಾಗೆ. ಆ ಗುಂಡಿನ ಅಡಿಯಲ್ಲಿ ಒಂದು ಕುಳಿ. ಅದಕ್ಕೆ ದನದ ಕೊಬ್ಬು ಮೆತ್ತುತ್ತಿದ್ದರು. ಮೇಲೆ ಎಳೆದಾಗ ಕೊಬ್ಬಿಗೆ ಹೊಯಿಗೆ ಅಂಟಿದೆಯಾ, ಕೆಸರಾ, ಚಿಪ್ಪಾ ಅಂತ ನೋಡಿ ಬರೆಯುತ್ತಿದ್ದರು. ನಾವಿಕರ ನಕ್ಷೆಯಲ್ಲಿ ಆಳದ ಅಂಕಿಯ ಪಕ್ಕ ಎಸ್, ಎಂ ಅಂತ ಅಕ್ಷರ ಇರುತ್ತದಲ್ಲ, ಅದು ಸ್ಯಾಂಡ್, ಮಡ್. ಲಂಗರು ಹಿಡಿಯುತ್ತದೋ ಜಾರುತ್ತದೋ ಅಂತ ತಿಳಿಯಲು.

ಹಾಗಾಗಿ ಪ್ರಶ್ನೆ ಕೇಳಿದ ಮಗಳಿಗೆ ನನ್ನ ಪ್ರಶ್ನೆ ಒಂದೇ. ಗ್ರ್ಯಾಬ್, ಅಂದರೆ ತಳದ ಮಣ್ಣು ಕಚ್ಚಿ ಮೇಲೆ ತರುವ ದವಡೆ, ಹಾಕಿದಿರಾ? ಕೈಯಲ್ಲಿ ಹಿಡಿದು ನೋಡದೆ ಬಣ್ಣ ಹಚ್ಚಿದ್ದು ಯಾಕೆ?

ಹೊನ್ನಾವರದ_ಹುಡುಗಿ · ಮೇ 9, ಸಂಜೆ 6:55

ಎಲ್ಲರಿಗೂ ಒಟ್ಟಿಗೆ ಉತ್ತರ. ಗೇನ್ ಮ್ಯಾನ್ಯುವಲ್, ಯಾರೂ ಮುಟ್ಟಲಿಲ್ಲ, ನಾನೇ ಟೇಪ್ ಅಂಟಿಸಿದ್ದೆ. ಎಕೋಸೌಂಡರ್‌ನಲ್ಲಿ 33 ಮತ್ತು 210 ಕಿಲೋಹರ್ಟ್ಸ್ ಎರಡೂ ಇದೆ. ನಕ್ಷೆ ಮಾಡಿದ್ದು 210ರಲ್ಲಿ, ಗೆರೆ ಸ್ವಚ್ಛವಾಗಿ ಬರುತ್ತದೆ ಅಂತ. 33 ರೆಕಾರ್ಡ್ ಆಗಿದೆ, ತೆರೆದು ನೋಡಿಲ್ಲ. ಗ್ರ್ಯಾಬ್ ಎರಡು ಕಡೆ ಹಾಕಿದೆವು, ಎರಡೂ ಪಟ್ಟಿಯ ಹೊರಗೆ. ಆಮೇಲೆ ಗಾಳಿ ಎದ್ದಿತು, ಬೋಟಿನವರು ವಾಪಸ್ ಅಂದರು.

ಸಿಗ್ನಲ್_ಗುರು · ಮೇ 9, 7:10

"ತೆರೆದು ನೋಡಿಲ್ಲ." ಅಯ್ಯೋ ದೇವರೇ.

ಬರ್ಗೆನ್‌ವಾಸಿ · ಮೇ 10, ಬೆಳಿಗ್ಗೆ 2:17

ನಾರ್ವೆಯಿಂದ, ಮೂಲ ಶಿರಸಿ. ಇಲ್ಲಿ ಎಯುವಿ ಸರ್ವೆ ತಂಡದಲ್ಲಿ ಕೆಲಸ.

ಸಿಗ್ನಲ್_ಗುರು ಸುಮ್ನೆ ಹೌಹಾರಿದ್ದಲ್ಲ, ಕಾರಣ ಇದೆ. 210 ಕಿಲೋಹರ್ಟ್ಸ್‌ನ ಅಲೆಯುದ್ದ ನೀರಿನಲ್ಲಿ ಸುಮಾರು 7 ಮಿಲಿಮೀಟರ್. 33ರದ್ದು ನಾಲ್ಕೂವರೆ ಸೆಂಟಿಮೀಟರ್ ದಾಟುತ್ತದೆ. ಈಗ ಕೆಸರಿನ ಮೇಲೆ ಉಗುರಿನಷ್ಟು ದೊಡ್ಡ ಚಿಪ್ಪಿನ ಚೂರು ಹರಡಿದೆ ಅಂದುಕೊಳ್ಳಿ. 210ಕ್ಕೆ ಅದು ದೊಡ್ಡ ವಸ್ತು. ಪ್ರತಿ ಚೂರೂ ಶಬ್ದವನ್ನು ಹಿಂದಕ್ಕೆ ಎಸೆಯುತ್ತದೆ, ಎಲ್ಲ ಸೇರಿ ಒರಟು ಗಟ್ಟಿ ನೆಲದ ಹಾಗೆ ಕಾಣುತ್ತದೆ. 33 ಅದನ್ನು ಅಷ್ಟಾಗಿ ಗಮನಿಸುವುದೇ ಇಲ್ಲ, ಕೆಳಗಿನ ಮೆತ್ತನೆ ಕೆಸರಿಗೆ ಹೋಗುತ್ತದೆ. ನನ್ನ ಅನುಮಾನ ಚಿಪ್ಪಿನ ಮೇಲೆ. ಎರಡೂ ಚಾನೆಲ್ ಅಕ್ಕಪಕ್ಕ ಇಟ್ಟು ನೋಡಿ. ಗೋವಾದ ಎನ್‌ಐಒದವರು (ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ) ನಮ್ಮ ಪಶ್ಚಿಮ ಕರಾವಳಿಯಾಚೆಯೇ 33 ಮತ್ತು 210 ಎರಡನ್ನೂ ಬಳಸಿ, ಎಕೋದ ಆಕಾರವನ್ನು ಗಣಿತದ ಮಾದರಿಗೆ ಹೋಲಿಸಿ ಕಣದ ಗಾತ್ರ ಲೆಕ್ಕ ಹಾಕಿದ್ದಾರೆ. ನಿಮ್ಮ ಬಳಿ ಇರುವುದು ಅದೇ ಜೋಡಿ. ಅರ್ಧ ಬಿಸಾಡಬೇಡಿ.

ಎಯುವಿ ವಿಷಯ. ನಿಮ್ಮ ಬೀಮ್ (ಶಬ್ದ ಹರಡುವ ಕೋನ) 10 ಡಿಗ್ರಿ ಅಂದುಕೊಂಡರೆ, 22 ಮೀಟರ್ ಮೇಲಿನಿಂದ ತಳದಲ್ಲಿ ಸುಮಾರು 4 ಮೀಟರ್ ಅಗಲದ ವೃತ್ತದ ಸರಾಸರಿ ಸಿಗುತ್ತದೆ. ಎಯುವಿ ತಳದಿಂದ 4 ಮೀಟರ್ ಎತ್ತರದಲ್ಲಿ ಓಡಿದರೆ ಅದು 70 ಸೆಂಟಿಮೀಟರ್. ಜೊತೆಗೆ ಬೋಟಿನ ಹಾಗೆ ಹೊಯ್ದಾಡುವುದಿಲ್ಲ, ಅಡಿಯಲ್ಲಿ ಗುಳ್ಳೆ ಇಲ್ಲ, ಎಂಜಿನ್ ಸದ್ದಿಲ್ಲ. ತಳದಿಂದ ಒಂದೇ ಎತ್ತರ ಇಟ್ಟುಕೊಳ್ಳುವುದರಿಂದ ಇಲ್ಲಿಯ ಎಕೋವನ್ನೂ ಅಲ್ಲಿಯ ಎಕೋವನ್ನೂ ನೇರವಾಗಿ ಹೋಲಿಸಬಹುದು. ನಿಜವಾದ ಲಾಭ ಇದೇ.

ಸರ್ವೆ_ಮಾಮ · ಮೇ 10, 7:40

22 ಮೀಟರಿಗೆ ಎಯುವಿ! ಕೋಟಿಗಟ್ಟಲೆ ದುಡ್ಡಿನ ವಸ್ತು. ಅಲ್ಲಿ ಟ್ರಾಲ್ ಬೋಟ್ ಓಡಾಡುತ್ತವೆ. ಬಲೆಗೆ ಬಿದ್ದರೆ?

ಮಲ್ಪೆ_ಬೋಟ್ · ಮೇ 10, 7:52

ಬಿದ್ದರೆ ಕೆಜಿ ಲೆಕ್ಕದಲ್ಲಿ ಹರಾಜು.

ಬರ್ಗೆನ್‌ವಾಸಿ · ಮೇ 10, 11:05

ಅದು ತಮಾಷೆ ಅಲ್ಲ, ನಮಗೂ ದೊಡ್ಡ ತಲೆನೋವು. ಇನ್ನೊಂದು ತಲೆನೋವು ದಾರಿ. ನೀರೊಳಗೆ ಜಿಪಿಎಸ್ ಸಿಗ್ನಲ್ ಬರುವುದಿಲ್ಲ. ತಳಕ್ಕೆ ಶಬ್ದ ಬಿಟ್ಟು ತನ್ನ ವೇಗ ಅಳೆದುಕೊಂಡು, ಎಷ್ಟು ದೂರ ಬಂದೆ ಅಂತ ವಾಹನವೇ ಲೆಕ್ಕ ಇಡುತ್ತದೆ. ಸೆಕೆಂಡಿಗೆ ಒಂದೂವರೆ ಮೀಟರ್ ಅಂದರೆ ಗಂಟೆಗೆ 5.4 ಕಿಲೋಮೀಟರ್. ನೂರಕ್ಕೆ ಅರ್ಧ ಪಾಲು ತಪ್ಪಿದರೂ 27 ಮೀಟರ್ ಆಚೆ. ನಡುನಡುವೆ ಮೇಲೆ ಬಂದು ಜಿಪಿಎಸ್ ನೋಡಿಕೊಳ್ಳಬೇಕು. ನಿಮ್ಮ ಗ್ರ್ಯಾಬ್ ಜಾಗವೂ ಎಯುವಿ ಗೆರೆಯೂ ಹೊಂದಲಿಲ್ಲ ಅಂದರೆ ಎಷ್ಟು ಚೆಂದದ ಎಕೋ ಇದ್ದರೂ ವ್ಯರ್ಥ.

ಆದರೂ ಮಾಮ ಹೇಳಿದ್ದು ಸರಿ, 22 ಮೀಟರಿಗೆ ಬೋಟೇ ಸಾಕು. ಆಳ ಹೆಚ್ಚಿದಷ್ಟೂ ಎಯುವಿ ಬೆಲೆ ಹೆಚ್ಚು. ಚೆನ್ನೈನ ಎನ್‌ಐಒಟಿ (ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ) ಹಿಂದೂ ಮಹಾಸಾಗರದ ನಡುವೆ 5 ಸಾವಿರ ಮೀಟರಿಗಿಂತ ಕೆಳಗೆ ಎಯುವಿ ಇಳಿಸಿ ಲೋಹದ ಗಂಟುಗಳಿರುವ ನೆಲ ನೋಡಿದೆ. ಭಾರತಕ್ಕೆ ಅಲ್ಲಿ ಹುಡುಕಾಟಕ್ಕೆ ಸಿಕ್ಕಿರುವುದು 75,000 ಚದರ ಕಿಲೋಮೀಟರ್. ಅದನ್ನು ಮೇಲಿನ ಹಡಗಿನಿಂದ ಮಾತ್ರ ನೋಡುತ್ತೇನೆ ಅಂದರೆ ತೆಂಗಿನ ಮರದ ಮೇಲಿಂದ ಇರುವೆ ಎಣಿಸಿದ ಹಾಗೆ.

ಗೋವಾ_ಕನ್ನಡಿಗ · ಮೇ 10, 11:30

ಎಯುವಿ ಅಂದರೆ ಕೋಟಿಗಟ್ಟಲೆ ಅಂತಲೇ ಅಲ್ಲ ಮಾಮ. ಎನ್‌ಐಒದವರೇ ಮಾಯಾ ಅಂತ ಒಂದು ಪುಟ್ಟದನ್ನು ಮಾಡಿದ್ದರು. ಟಾರ್ಪಿಡೊ ಆಕಾರ, ಎರಡು ಮೀಟರಿಗಿಂತ ಕಡಿಮೆ ಉದ್ದ, 200 ಮೀಟರ್ ಆಳಕ್ಕೆ ಸಾಕು. ಸಣ್ಣ ಬೋಟಿನಿಂದಲೇ ಇಳಿಸಬಹುದು.

ಕೊಡಗಿನ_ಕಾಫಿ · ಮೇ 10, 12:02

ಕೆಸರಿನಲ್ಲಿ ಶಬ್ದ ನೀರಿಗಿಂತ ನಿಧಾನ ಅಂದಿರಲ್ಲ ಗೋವಾದವರು. ಅಷ್ಟು ದಪ್ಪ ವಸ್ತುವಿನಲ್ಲಿ ನಿಧಾನ ಹೇಗೆ?

ಸಿಗ್ನಲ್_ಗುರು · ಮೇ 10, 12:31

ಒಳ್ಳೆಯ ಪ್ರಶ್ನೆ. ಕೆಸರು ಅಂದರೆ ಮುಕ್ಕಾಲು ಪಾಲು ನೀರು, ಅದರಲ್ಲಿ ತೇಲುವ ಮಣ್ಣಿನ ಕಣ. ಕಣಗಳು ಒಂದಕ್ಕೊಂದು ಬಿಗಿಯಾಗಿ ಒತ್ತಿಕೊಂಡಿಲ್ಲ. ಹಾಗಾಗಿ ತೂಕ ಹೆಚ್ಚಿತು, ಬಿಗಿ ಹೆಚ್ಚಲಿಲ್ಲ. ಶಬ್ದ ನಿಧಾನವಾಯಿತು. ಹೊಯಿಗೆಯಲ್ಲಿ ಕಣಕ್ಕೆ ಕಣ ತಾಗಿ ಚೌಕಟ್ಟು ಆಗುತ್ತದೆ, ಅದಕ್ಕೇ ವೇಗ.

ಇದರಿಂದ ಒಂದು ವಿಚಿತ್ರ ಆಗುತ್ತದೆ. ನೀರಿಗಿಂತ ನಿಧಾನವಾದ ಕೆಸರಿನ ಮೇಲೆ ಶಬ್ದವನ್ನು ಓರೆಯಾಗಿ ಬಿಡುತ್ತಾ ಹೋದರೆ ಒಂದು ಕೋನದಲ್ಲಿ ಎಕೋ ಹೆಚ್ಚುಕಡಿಮೆ ಮಾಯ. ಪೂರ್ತಿ ಶಬ್ದ ಕೆಸರಿಗೆ ಇಳಿದುಬಿಡುತ್ತದೆ. ಆ ಕೋನ ಸಿಕ್ಕರೆ ಕೆಸರಿನ ವೇಗದ ಬಗ್ಗೆ ಒಳ್ಳೆ ಸುಳಿವು ಸಿಕ್ಕಿತು. ನೇರ ಕೆಳಗೆ ನೋಡುವ ಎಕೋಸೌಂಡರ್‌ಗೆ ಇದು ಯಾವತ್ತೂ ಕಾಣುವುದಿಲ್ಲ.

ಬರ್ಗೆನ್‌ವಾಸಿ · ಮೇ 10, ಸಂಜೆ 4:20

ಅದಕ್ಕೇ ಮೆಡಿಟರೇನಿಯನ್‌ನಲ್ಲಿ, ಮಾಲ್ಟಾ ಹತ್ತಿರ, ಎಯುವಿ ಹಿಂದೆ ಹೈಡ್ರೋಫೋನ್‌ಗಳ (ನೀರೊಳಗಿನ ಮೈಕ್) ಸಾಲು ಕಟ್ಟಿ ಎಳೆಸಿದರು. ಮುಂದೆ ಶಬ್ದ ಬಿಡುವುದು, ಹಿಂದೆ ಬಾಲದ ತುಂಬ ಕಿವಿ. ಒಂದೇ ಸದ್ದಿಗೆ ಹಲವು ಕೋನದ ಉತ್ತರ. ಅಮೆರಿಕದವರು 2017ರಲ್ಲಿ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ದಕ್ಷಿಣಕ್ಕೆ ಬರೀ ಕೆಸರಿಗೋಸ್ಕರ ದೊಡ್ಡ ಪ್ರಯೋಗ ಮಾಡಿದರು. ಅಲ್ಲಿ ಕೆಲವು ಕಡೆ ಕೆಸರಿನ ಪದರವೇ ಹತ್ತು ಮೀಟರ್ ದಾಟುತ್ತದೆ. ಹೊಯಿಗೆ ಬಗ್ಗೆ ದಶಕಗಳಿಂದ ಕೆಲಸ ಆಗಿದೆ, ಕೆಸರನ್ನು ಕೇಳುವವರು ಕಡಿಮೆ ಇದ್ದರು. ನಮ್ಮ ಕರಾವಳಿಯಲ್ಲಿ ದಡದ ಕಡೆಯ ಭಾಗವೆಲ್ಲ ಹೆಚ್ಚಾಗಿ ಕೆಸರೇ. ನದಿಗಳು ತಂದದ್ದು. 50, 60 ಮೀಟರ್ ದಾಟಿದ ಮೇಲೆ ಹಳೇ ಹೊಯಿಗೆ ಸಿಗುತ್ತದೆ, ಕಡಲು ತಗ್ಗಿದ್ದ ಕಾಲದ್ದು.

ಗದ್ದಲ_ಗಣೇಶ · ಮೇ 10, 5:01

ಇದೆಲ್ಲ ಕೊನೆಗೆ ಮರಳು ದಂಧೆಗೇ ಅಲ್ವಾ? ನವೆಂಬರ್ 2024ರಲ್ಲಿ ಕೇಂದ್ರ ಸರ್ಕಾರ ಸಮುದ್ರದ 13 ಬ್ಲಾಕ್ ಹರಾಜಿಗಿಟ್ಟಿತು. ಮೂರು ಕೇರಳದಾಚೆ ಕಟ್ಟಡದ ಮರಳಿಗೆ. ಅಲ್ಲಿನ ಮೀನುಗಾರರು ಬೀದಿಗಿಳಿದರು. ನೀವು ನಕ್ಷೆ ಮಾಡಿ ಕೊಡಿ, ಅವರು ಡ್ರೆಜರ್ ತರುತ್ತಾರೆ.

ಗೋವಾ_ಕನ್ನಡಿಗ · ಮೇ 10, 5:20

ನಕ್ಷೆ ಇಲ್ಲದಿದ್ದರೆ ಇಲ್ಲಿ ತೋಡಬೇಡಿ ಅನ್ನಲು ಯಾವ ಆಧಾರ ಇರುತ್ತದೆ? ಸಿಗಡಿ ಕೆಸರಲ್ಲಿ ಬೆಳೆಯುತ್ತದೆ, ಇಂಥಾ ಕಡೆ ಅಂತ ತೋರಿಸುವುದಕ್ಕೂ ಇದೇ ಬೇಕು.

ಗದ್ದಲ_ಗಣೇಶ · ಮೇ 10, 5:24

ಚಾಕು ತರಕಾರಿಗೂ ಬರುತ್ತದೆ ಅನ್ನುವ ವಾದ.

ಮಲ್ಪೆ_ಬೋಟ್ · ಮೇ 10, 5:31

ಇಬ್ಬರೂ ಹೊರಗೆ ಜಗಳ ಮಾಡಿ. ನನ್ನದೊಂದು ಸಂಶಯ. ಸೆಡಿಮೆಂಟ್ ಅಂತ ಎಲ್ಲ ಕಡೆ ಬರೆಯುತ್ತಾರಲ್ಲ, ಕನ್ನಡದಲ್ಲಿ ಏನು?

ಸರ್ವೆ_ಮಾಮ · ಮೇ 10, 5:40

ಹೂಳು.

ಕೊಡಗಿನ_ಕಾಫಿ · ಮೇ 10, 5:43

ಗಸಿ?

ಮಲ್ಪೆ_ಬೋಟ್ · ಮೇ 10, 5:44

ಮಾರಾಯ್ರೇ, ನಮ್ಮಲ್ಲಿ ಗಸಿ ಅಂದರೆ ಕೋಳಿ ಹಾಕಿ ಮಾಡುವುದು. ಕಡಲ ತಳದಲ್ಲಿ ಗಸಿ ಅಂದರೆ ಊರಿಗೆ ಊರೇ ತಟ್ಟೆ ಹಿಡಿದು ಬರುತ್ತದೆ.

ಹೊನ್ನಾವರದ_ಹುಡುಗಿ · ಮೇ 12, ರಾತ್ರಿ 10:18

33 ತೆರೆದು ನೋಡಿದೆ. ಅದೇ ಪಟ್ಟಿಯ ಮೇಲೆ 33ರ ಎಕೋ ಅಕ್ಕಪಕ್ಕದ ಕೆಸರಿನಷ್ಟೇ ಇದೆ. ಗಟ್ಟಿ ಅನ್ನುವುದೇ ಇಲ್ಲ. 210ರಲ್ಲಿ ಮಾತ್ರ ಜೋರು. ಬರ್ಗೆನ್ ಅಣ್ಣನಿಗೆ ದೊಡ್ಡ ನಮಸ್ಕಾರ. ಆದರೆ ಪಟ್ಟಿಯ ದಕ್ಷಿಣ ತುದಿಯಲ್ಲಿ ಒಂದು ಕಡೆ ಉಲ್ಟಾ. 33ರಲ್ಲಿ ತಳದ ಸ್ವಲ್ಪ ಕೆಳಗೆ ದಪ್ಪ ಗೆರೆ, ಅದರ ಕೆಳಗೆ ಏನೂ ಇಲ್ಲ, ಪರದೆ ಎಳೆದ ಹಾಗೆ. ಅಲ್ಲಿ ಬಂಡೆಯಾ?

ಗೋವಾ_ಕನ್ನಡಿಗ · ಮೇ 12, 10:50

ಬಂಡೆ ಅಂತ ಬರೆಯುವ ಮೊದಲು ಅನಿಲ ಇರಬಹುದು ಅಂತ ಯೋಚಿಸಿ. ಕೆಸರಿನಲ್ಲಿ ಕೊಳೆತ ವಸ್ತುವಿನಿಂದ ಮೀಥೇನ್ ಹುಟ್ಟುತ್ತದೆ. ಸಣ್ಣ ಗುಳ್ಳೆಗಳು ಸೇರಿದರೆ ಸಾಕು, ಶಬ್ದವನ್ನು ಅಲ್ಲೇ ತಡೆದು ವಾಪಸ್ ಕಳಿಸುತ್ತವೆ, ಕೆಳಗೆ ಏನಿದೆ ಅಂತ ಕಾಣುವುದಿಲ್ಲ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದು ಅಪರೂಪವೇನಲ್ಲ. ಎನ್‌ಐಒದ ಕರಿಸಿದ್ದಯ್ಯ ಮತ್ತು ವೀರಯ್ಯ 1994ರಲ್ಲೇ ಈ ಅನಿಲ ತುಂಬಿದ ಕೆಸರಿನ ಬಗ್ಗೆ ಬರೆದಿದ್ದಾರೆ. ಗಟ್ಟಿ ಎಕೋ ಅಂದರೆ ಗಟ್ಟಿ ನೆಲ ಅಂತ ಓದಿದರೆ ಇಲ್ಲೇ ಕಾಲು ಜಾರುವುದು. ಬರೀ ಗಾಳಿಗುಳ್ಳೆ.

ಸರ್ವೆ_ಮಾಮ · ಮೇ 13, 7:15

ಗ್ರ್ಯಾಬ್ ಹಾಕುವುದಾದರೆ ಬೇಗ ಹಾಕಿ. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ. ಅಷ್ಟರಲ್ಲಿ ಕಡಲೂ ಏಳುತ್ತದೆ, ಬೋಟ್ ಸಿಗುವುದಿಲ್ಲ.

ಇನ್ನೊಂದು ಮಾತು. ಗ್ರ್ಯಾಬ್ ಕೂಡ ಸುಳ್ಳು ಹೇಳುತ್ತದೆ. ಒಮ್ಮೆ ಒಂದು ಬಂದರಿನ ಕೆಲಸದಲ್ಲಿ ಎಕೋ ಎಲ್ಲ ಕೆಸರು ಅಂದಿತು, ಗ್ರ್ಯಾಬ್‌ನಲ್ಲಿ ಹೊಯಿಗೆ ಬಂತು. ಎಕೋಸೌಂಡರ್ ಹಾಳಾಗಿದೆ ಅಂತ ಎರಡು ದಿನ ಕಿತ್ತಾಡಿದೆವು. ಮೂರನೇ ದಿನ ನಮ್ಮ ಹುಡುಗನೊಬ್ಬ ಗ್ರ್ಯಾಬ್‌ನ ಬಾಯಿ ನೋಡಿದ. ಎರಡು ದವಡೆಯ ನಡುವೆ ಒಂದು ಚಿಪ್ಪು ಸಿಕ್ಕಿಕೊಂಡು ಬೆರಳು ತೂರುವಷ್ಟು ಸಂದು. ಮೇಲೆ ಎಳೆಯುವಾಗ ನುಣ್ಣನೆ ಕೆಸರೆಲ್ಲ ತೊಳೆದು ಹೋಗಿ, ಉಳಿದ ನಾಲ್ಕು ಹಿಡಿ ಹೊಯಿಗೆ ಮಾತ್ರ ನಮ್ಮ ಕೈಗೆ ಬರುತ್ತಿತ್ತು. ಹಾಗಾಗಿ ಗ್ರ್ಯಾಬ್ ಮೇಲೆ ಬಂದಾಗ ನೀರು ಸೋರುತ್ತಿದೆಯಾ ನೋಡಿ. ಸೋರಿದರೆ ಆ ಮಾದರಿ ಬಿಸಾಡಿ, ಮತ್ತೆ ಹಾಕಿ.

ಸಿಗ್ನಲ್_ಗುರು · ಮೇ 13, 9:02

ಕಣದ ಗಾತ್ರ ಬರೆಯುವಾಗ ಫೈ ಅಳತೆ ಉಲ್ಟಾ ಅಂತ ಮರೆಯಬೇಡಿ. ಫೈ ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು. ನಾನು ಒಮ್ಮೆ ಇಡೀ ನಕ್ಷೆಯನ್ನೇ ತಿರುಗಿಸಿ ಕೊಟ್ಟಿದ್ದೆ. ಮತ್ತೆ ಒಂದೇ ಉತ್ತರ ಕೊಡಬೇಡಿ. ಅದೇ ಎಕೋ ನುಣುಪಾದ ಹೊಯಿಗೆಯಿಂದಲೂ ಬರಬಹುದು, ಒರಟಾದ ಕೆಸರಿನಿಂದಲೂ ಬರಬಹುದು. ಇಷ್ಟರಿಂದ ಇಷ್ಟರೊಳಗೆ ಅಂತ ಬರೆಯಿರಿ.

ಹೊನ್ನಾವರದ_ಹುಡುಗಿ · ಮೇ 24, ರಾತ್ರಿ 9:36

ಹೋಗಿ ಬಂದೆವು. ಪಟ್ಟಿಯ ಮೇಲೆ ಆರು ಕಡೆ ಗ್ರ್ಯಾಬ್. ಒಂದು ಖಾಲಿ, ಒಂದು ಸೋರಿತು, ಬಿಸಾಡಿದೆ. ಉಳಿದ ನಾಲ್ಕರಲ್ಲೂ ಬೂದು ಬಣ್ಣದ ಕೆಸರು, ಬೆಣ್ಣೆ ಹಾಗೆ. ಮೇಲಿನ ಎರಡು ಬೆರಳಷ್ಟು ದಪ್ಪದಲ್ಲಿ ಮುರಿದ ಚಿಪ್ಪು ತುಂಬಿತ್ತು. ಜರಡಿ ಹಿಡಿಯುವುದು ಬಾಕಿ. ದಕ್ಷಿಣ ತುದಿಯ ಅನಿಲದ ಜಾಗಕ್ಕೆ ಗ್ರ್ಯಾಬ್ ಸಾಲದು, ಕೋರ್ (ಕೊಳವೆ ಇಳಿಸಿ ತೆಗೆಯುವ ಉದ್ದ ಮಾದರಿ) ಬೇಕು, ಅದು ಮಳೆ ಮುಗಿದ ಮೇಲೆ.

ಒಂದು ಡಬ್ಬಿಯಲ್ಲಿ ಸ್ವಲ್ಪ ಮನೆಗೆ ತಂದು ದೊಡ್ಡಮಾವನಿಗೆ ತೋರಿಸಿದೆ. ಬೆರಳಲ್ಲಿ ಉಜ್ಜಿ ನೋಡಿದರು. "ಇದೇ ಇದೇ" ಅಂದರು. ಮಾವ, ಚಿಪ್ಪು ಇದೆ ಅಂತ ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ. "ಬಲೆ ತೊಳೆಯುವುದಕ್ಕೆ ಅರ್ಧ ದಿನ ಅಂದೆನಲ್ಲ ತಂಗಿ. ಬರೀ ಕೆಸರು ಆಗಿದ್ದರೆ ನೀರಲ್ಲಿ ಜಾಲಾಡಿದರೆ ಹೋಗುತ್ತಿತ್ತು. ಚಿಪ್ಪು ಒಂದೊಂದೇ ಬಿಡಿಸಬೇಕು. ನೀನು ಹೊಯಿಗೆಯಾ ಕೆಸರಾ ಅಂತ ಮಾತ್ರ ಕೇಳಿದೆ."

ಸರ್ವೆ_ಮಾಮ · ಮೇ 24, 9:50

ಮಾವನ ಹೆಸರು ಕೃತಜ್ಞತೆಯಲ್ಲಿ ಹಾಕಿ. ಗೈಡ್ ಹೆಸರಿಗಿಂತ ಮೇಲೆ.

ಮಲ್ಪೆ_ಬೋಟ್ · ಮೇ 24, 9:58

ನನ್ನ ಮೊದಲ ಉತ್ತರ ಯಾರಾದರೂ ಓದಿದಿರಾ?

ಬರ್ಗೆನ್‌ವಾಸಿ · ಮೇ 24, 10:30

ಜರಡಿ ಫಲಿತಾಂಶ ಬಂದಾಗ ಚಿಪ್ಪಿನ ತೂಕ ಬೇರೆ ಬರೆದಿಡಿ. ಕೆಸರಿನ ಜೊತೆ ಸೇರಿಸಿ ಸರಾಸರಿ ತೆಗೆದರೆ ಕಾಗದದ ಮೇಲೆ ಮತ್ತೆ ಹೊಯಿಗೆಯೇ ಬಂದೀತು.